ಹಡಗೇರಿದ ವಸೂಲಿ

ಪ್ರವಾಸ ಹೊರಡುವವರಲ್ಲಿ ಎರಡು ಪಂಗಡ. ಕೊಟ್ಟ ದುಡ್ಡನ್ನು ಕೊಟ್ಟಲ್ಲೇ ಮರೆತು ಹೊರಡುವವರು ಒಂದು; ಅದನ್ನು ವಸೂಲು ಮಾಡಲೆಂದೇ ಹೊರಡುವವರು ಇನ್ನೊಂದು. ನನ್ನ ಷಡ್ಡಕರು ಎರಡನೆಯ ಪಂಗಡದ ಆಜೀವ ಸದಸ್ಯರು. ಸರ್ವೀಸೆಲ್ಲ ಆಡಿಟ್ ವಿಭಾಗದಲ್ಲಿ ಕೂತು, ಬೇರೆಯವರ ಖರ್ಚಿಗೆ ಆಕ್ಷೇಪಣೆ ಬರೆದೇ ನಿವೃತ್ತರಾದವರು. ಮದುವೆಗೆ ಹೋದರೆ ಮುಯ್ಯಿ ಕವರಿಗೂ ಎಲೆಗೆ ಬಿದ್ದ ಹೋಳಿಗೆಗೂ ಮನಸ್ಸಿನಲ್ಲೇ ತಾಳೆ ನೋಡುವವರು. ಅಂಥವರ ಜೊತೆ ಅಲಾಸ್ಕಾ ಕ್ರೂಸಿಗೆ ಹೋಗುವ ಯೋಗ ನಮಗೆ ಒದಗಿದ್ದು ಸಿಯಾಟಲ್‌ನಲ್ಲಿರುವ ಮಗನ ದೆಸೆಯಿಂದ.

ಮುತ್ತಜ್ಜನ ಕಾಲದಲ್ಲಿ ಸಮುದ್ರ ದಾಟಿ ಬಂದವರಿಗೆ ಪ್ರಾಯಶ್ಚಿತ್ತವಿತ್ತು. ಆಮೇಲೆ ಓದಲೆಂದು ಹಡಗೇರಿ ಇಂಗ್ಲೆಂಡಿಗೆ ಹೋದ ಗೋಕಾಕರು ಸಮುದ್ರದ ಮೇಲೆ ಕವನಗಳನ್ನೇ ಬರೆದರು. ನಮ್ಮ ಕಾಲಕ್ಕೆ ಕವನ ಹೋಯಿತು, ಪ್ರಾಯಶ್ಚಿತ್ತ ಉಳಿಯಿತು. ಅದನ್ನು ಈಗ ಹೊರಡುವ ಮೊದಲೇ ಮಾಡಿಕೊಳ್ಳಬೇಕು, ಅಷ್ಟೆ. ಅದಕ್ಕೆ ವೀಸಾ ಅರ್ಜಿ ಎಂದು ಹೆಸರು.

"ಅಮೆರಿಕದ ವೀಸಾ ಇದೆ, ಅಲಾಸ್ಕಾ ಅಮೆರಿಕದ್ದೇ. ಮಧ್ಯೆ ಈ ಕೆನಡಾ ವೀಸಾ ಯಾಕಪ್ಪ?" ಎಂದು ಷಡ್ಡಕರು ಮೊದಲ ಆಕ್ಷೇಪಣೆ ಎತ್ತಿದರು. ಮಗ ವಿವರಿಸಿದ. ಅಮೆರಿಕದಲ್ಲಿ 1886ರ ಒಂದು ಕಾಯಿದೆ ಇದೆ. ಪರದೇಶದ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ಅಮೆರಿಕದ ಬಂದರುಗಳನ್ನೇ ಸುತ್ತಿಸಿ, ಅಲ್ಲೇ ಇಳಿಸುವ ಹಾಗಿಲ್ಲ; ನಡುವೆ ಎಲ್ಲಾದರೂ ಬೇರೆ ದೇಶದ ಬಂದರು ಮುಟ್ಟಬೇಕು. ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ ನೋಂದಾಯಿಸಿದವು. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಅಲಾಸ್ಕಾ ತೋರಿಸಿ ಮರಳುವಾಗ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟಿನವರು ಹಡಗಿನಿಂದ ಇಳಿಯಲಿ ಬಿಡಲಿ, ಕೆನಡಾ ವೀಸಾ ಬೇಕು. "ಒಂದು ಸಂಜೆಗೆ ಒಂದು ವೀಸಾ! ಇಂಥ ಖರ್ಚನ್ನು ನಾನು ಎಂದೂ ಪಾಸು ಮಾಡಿದವನಲ್ಲ" ಎಂದು ಹೇಳುತ್ತಲೇ ಷಡ್ಡಕರು ಬೆರಳಚ್ಚು ಕೊಟ್ಟು ಬಂದರು.

ಮುಂದಿನದು ಕ್ಯಾಬಿನ್ ಪುರಾಣ. ಒಳಗಿನದಕ್ಕೆ ಕಿಟಕಿಯಿಲ್ಲ, ದರ ಕಡಿಮೆ. ಬಾಲ್ಕನಿಯದಕ್ಕೆ ದರವೂ ಇದೆ, ಗಾಳಿಯೂ ಇದೆ. ಹೊಟ್ಟೆ ತೊಳಸುವವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿ ಕೋಣೆ ಹಿಡಿಯಬೇಕು; ಅಲ್ಲಿ ತೂಗಾಟ ಕಡಿಮೆ. ಷಡ್ಡಕರು ಒಳಗಿನ ಕ್ಯಾಬಿನ್ನನ್ನೇ ಆರಿಸಿದರು. "ನಿದ್ದೆ ಮಾಡುವಾಗ ಕಣ್ಣು ಮುಚ್ಚಿರುತ್ತದಲ್ಲ, ಕಿಟಕಿಗೆ ಯಾಕೆ ದುಡ್ಡು?" ಎಂಬ ವಾದಕ್ಕೆ ನಾದಿನಿಯ ಬಳಿಯೂ ಉತ್ತರವಿರಲಿಲ್ಲ.

ಸಾಮಾನು ಕಟ್ಟುವ ಅಧ್ಯಾಯವನ್ನು ನನ್ನಾಕೆ ವಹಿಸಿಕೊಂಡಳು. ಇಸ್ತ್ರಿಪೆಟ್ಟಿಗೆ, ಕರೆಂಟಿನ ಕೆಟಲ್, ರೈಸ್ ಕುಕ್ಕರ್, ಊದಿನಕಡ್ಡಿ, ಇವೆಲ್ಲ ಹಡಗಿಗೆ ನಿಷಿದ್ಧ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಮನೆಯಲ್ಲಿ ಮಾಡಿದ ತಿಂಡಿಯೂ ಕೂಡದು, ಅಂಗಡಿಯ ಸೀಲು ಒಡೆಯದ ಪೊಟ್ಟಣ ಆದೀತು. ಪಟ್ಟಿ ಓದುತ್ತಾ ಹೋದಂತೆ ಅವಳ ಮುಖ ಸಣ್ಣದಾಯಿತು. ಕೊನೆಗೆ ಸೊಸೆ ಒಂದು ಗುಟ್ಟು ಹೇಳಿ ಸಮಾಧಾನ ಮಾಡಿದಳು: ಕ್ಯಾಬಿನ್ನಿನ ಗೋಡೆ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ಒಯ್ದರೆ ಎಲ್ಲಿ ಬೇಕಾದರೂ ಅಂಟುತ್ತದೆ. ಹತ್ತಿದ ಅರ್ಧ ಗಂಟೆಯಲ್ಲಿ ನಮ್ಮ ಗೋಡೆಯ ತುಂಬ ಟವೆಲ್ಲು, ಸ್ವೆಟರು, ಮಂಗನ ಟೋಪಿ.

ಹಡಗೆಂದರೆ ನೀರಿಗೆ ಬಿಟ್ಟ ಮದುವೆ ಛತ್ರ. ಬೆಳಗ್ಗೆಯಿಂದ ರಾತ್ರಿವರೆಗೆ ಪಂಕ್ತಿ ಮೇಲೆ ಪಂಕ್ತಿ, ಮೂಲೆಯಲ್ಲೊಂದು ವಾಲಗ, ಗುರುತಿಲ್ಲದವರ ನಗು, ಸ್ನಾನಕ್ಕೆ ಬಿಸಿನೀರು, ಎದುರಾದವರೆಲ್ಲ "ಊಟ ಆಯಿತೇ?" ಎನ್ನುವ ಉಪಚಾರ. ವ್ಯತ್ಯಾಸವೆಂದರೆ ಇಲ್ಲಿ ಎಲ್ಲರೂ ಗಂಡಿನ ಕಡೆಯವರು. ಹೆಣ್ಣಿನ ಕಡೆಯ ಖರ್ಚನ್ನೂ ಅವರೇ ಮೊದಲೇ ಕಟ್ಟಿರುತ್ತಾರೆ.

ಹೊರಡುವ ಮುನ್ನ ಎಲ್ಲರಿಗೂ ಅಪಾಯದ ಪಾಠ. ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಅದರ ಫಲವಾಗಿ 1914ರಲ್ಲಿ ಹಡಗಿನ ಸುರಕ್ಷತೆಗೆ ಅಂತರರಾಷ್ಟ್ರೀಯ ಒಪ್ಪಂದ ಬಂತು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ, ಈ ಪಾಠ ಹಡಗು ಹೊರಡುವ ಮೊದಲೇ ಮುಗಿಯಬೇಕೆಂಬ ನಿಯಮ ಗಟ್ಟಿಯಾಯಿತು. ಯಾವ ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು, ಜಾಕೆಟ್ ಹೇಗೆ ತೊಡಬೇಕು ಎಂದು ಹೇಳಿಕೊಟ್ಟರು. ಷಡ್ಡಕರು ಕೇಳಿದ್ದು ಒಂದೇ: "ಇದಕ್ಕೆ ಚಾರ್ಜ್ ಇಲ್ಲ ತಾನೆ?"

ವಸೂಲಿಯ ನಿಜವಾದ ಕಾರ್ಯಾಚರಣೆ ಶುರುವಾದದ್ದು ಬಫೆಯಲ್ಲಿ. ಬಾಗಿಲಲ್ಲಿ ಕೈ ತೊಳೆಸುವ ಹುಡುಗಿಯೊಬ್ಬಳು ಹಾಡು ಹೇಳುತ್ತಾ ನಿಂತಿದ್ದಳು. ಸಾವಿರಾರು ಜನ ಒಂದೇ ಸೂರಿನಡಿ ಉಣ್ಣುವಾಗ ಒಬ್ಬರ ವಾಂತಿಭೇದಿ ಎಲ್ಲರದಾಗಲು ತಡವಿಲ್ಲ. ಷಡ್ಡಕರು ಒಳಹೊಕ್ಕವರೇ ಮನಸ್ಸಿನಲ್ಲಿ ದರಪಟ್ಟಿ ಬಿಚ್ಚಿದರು. ಅನಾನಸಿಗೆ ಇಷ್ಟು, ಚೀಸಿಗೆ ಇಷ್ಟು, ಕೇಕಿಗೆ ಇಷ್ಟು. ಎರಡೇ ದಿನ, ಟಿಕೆಟ್ಟಿನ ಕಾಲುಭಾಗ ಬಂತೆಂದು ಘೋಷಿಸುವ ಹೊತ್ತಿಗೆ ಅವರ ಹೊಟ್ಟೆಯೇ ಆಕ್ಷೇಪಣೆ ಬರೆಯಿತು. ಆ ರಾತ್ರಿ ಹಡಗು ತೆರೆದ ಸಾಗರದಲ್ಲಿ ಬೇರೆ ತೂಗುತ್ತಿತ್ತು. ಸಿಬ್ಬಂದಿ ಹಸಿರು ಸೇಬು, ಶುಂಠಿಯ ಮಿಠಾಯಿ ತಂದುಕೊಟ್ಟರು. ದ್ವೀಪಗಳ ನಡುವಿನ ಜಲಮಾರ್ಗ ಸೇರಿದ ಮೇಲೆ ನೀರೂ ಶಾಂತ, ಷಡ್ಡಕರೂ ಶಾಂತ.

ಅವರನ್ನು ಅನ್ನ–ಸಾರಿನ ದಾರಿಗೆ ತಂದವನು ದೊಡ್ಡ ಊಟದ ಹಾಲಿನಲ್ಲಿ ಬಡಿಸುತ್ತಿದ್ದ ಕುಂದಾಪುರದ ಕಡೆಯ ಹುಡುಗ. ಗೋವಾ, ಮಂಗಳೂರು ಸೀಮೆಯವರು ಜಗತ್ತಿನ ಹಡಗುಗಳಲ್ಲೆಲ್ಲ ದುಡಿಯುತ್ತಾರೆ. ನಮ್ಮ ಮಾತು ಕಿವಿಗೆ ಬಿದ್ದದ್ದೇ ಹತ್ತಿರ ಬಂದ. "ನಾಳೆಗೆ ಎಂತ ಬೇಕು, ಇವತ್ತೇ ಹೇಳಿ ಸಾರ್, ಅಡುಗೆಯವರ ಹತ್ರ ಮಾಡಿಸುವ" ಎಂದ. ಇದೇ ಕ್ರೂಸಿನ ಬಹುದೊಡ್ಡ ರಹಸ್ಯ: ಸಸ್ಯಾಹಾರವೆಂದು ಮೊದಲೇ ಬರೆಸಿಟ್ಟು, ಮುಖ್ಯ ಬಡಿಸುವವರ ಬಳಿ ಹಿಂದಿನ ರಾತ್ರಿ ಹೇಳಿದರೆ, ಮೆನುವಿನಲ್ಲಿ ಇಲ್ಲದ ದಾಲ್, ಪಲ್ಯ, ಅನ್ನ ಮಾರನೆಯ ರಾತ್ರಿ ಮೇಜಿಗೆ ಬರುತ್ತದೆ.

ಕೆಚಿಕಾನ್ ಎಂಬ ಊರಿನಲ್ಲಿ ಇಳಿದಾಗ ಮಳೆ. ಅಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಸುರಿಯುತ್ತದಂತೆ. ಮಳೆಯ ಲೆಕ್ಕ ತೋರಿಸಲು ದೊಡ್ಡ ಫಲಕವನ್ನೇ ನಿಲ್ಲಿಸಿದ್ದಾರೆ. ಅಮೆರಿಕನ್ನರು ಅದರ ಮುಂದೆ ಫೋಟೋ ತೆಗೆಸಿಕೊಂಡರು. ತೀರ್ಥಹಳ್ಳಿಯ ನನ್ನಾಕೆ ಫಲಕವನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಆಗುಂಬೆಯಲ್ಲಿ ಇದರ ಎರಡರಷ್ಟು. ಯಾರೂ ಬೋರ್ಡು ಹಾಕಿಲ್ಲ" ಎಂದು ಕೊಡೆ ಬಿಚ್ಚಿದಳು.

ಸ್ಕಾಗ್ವೇ ಅವಳಿಗೆ ಇನ್ನೂ ಹಿಡಿಸಿತು. 1897–98ರಲ್ಲಿ ಕೆನಡಾದ ಕ್ಲಾಂಡೈಕಿನ ಚಿನ್ನಕ್ಕೆ ಓಡಿದವರಲ್ಲಿ ಅನೇಕರು ಈ ಊರಿನ ಮೂಲಕ ಬೆಟ್ಟ ಹತ್ತಿದರು. ಹಸಿವಿನಿಂದ ಸತ್ತಾರೆಂದು ಕೆನಡಾದ ಪೊಲೀಸರು ಗಡಿಯಲ್ಲಿ ತಡೆದು, ಒಬ್ಬೊಬ್ಬರೂ ವರ್ಷದ ಆಹಾರವೂ ಸೇರಿ ಸುಮಾರು ಒಂದು ಟನ್ ಸಾಮಾನು ತಂದರಷ್ಟೇ ಒಳಗೆ ಬಿಡುತ್ತಿದ್ದರು. "ಕೇಳಿದಿರಾ? ತಿಂಡಿ ಕಟ್ಟಿಕೊಂಡು ಹೊರಡಬೇಕು ಅಂತ ಆಗಲೇ ಕಾನೂನಿತ್ತು" ಎಂದು ಅವಳು ನನ್ನ ಕಡೆ ತಿರುಗಿದಳು. ನಾನು ಆಗ ಬೆಟ್ಟ ನೋಡುತ್ತಿದ್ದೆ.

ಇನ್ನು ಗ್ಲೇಸಿಯರ್ ಬೇ, ಹಿಮನದಿಗಳ ಕೊಲ್ಲಿ; ಅದೊಂದು ರಾಷ್ಟ್ರೀಯ ಉದ್ಯಾನ. ಅಲ್ಲಿ ಬಂದರಿಲ್ಲ, ಇಳಿಯುವುದಿಲ್ಲ, ಅಂಗಡಿಯಿಲ್ಲ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಪ್ರವೇಶ. ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತಿ ವಿವರಣೆ ಕೊಡುತ್ತಾರೆ. 1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ಜೊತೆಯವರು ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ, ಬಾಯಿಯ ಹತ್ತಿರದವರೆಗೂ ಹಿಮದ ಗೋಡೆ. ಆಮೇಲೆ ಅದು ನೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಈ ವಿವರಣೆ ಟಿಕೆಟ್ಟಿನಲ್ಲೇ ಸೇರಿದೆ ಎಂದು ಗೊತ್ತಾದದ್ದೇ ತಡ, ಷಡ್ಡಕರು ಮಂಗನ ಟೋಪಿ ತೊಟ್ಟು ಮುಂದಿನ ಕಟಕಟೆ ಹಿಡಿದು ನಿಂತರು. ರೇಂಜರನ್ನು ಹಳೆಯ ಆಡಿಟ್ ಶೈಲಿಯಲ್ಲಿ ಜಾಲಾಡಿದರು: ಎಷ್ಟು ಎತ್ತರ, ಎಷ್ಟು ಆಳ, ಯಾಕೆ ನೀಲಿ, ದಿನಕ್ಕೆಷ್ಟು ಸವೆತ. ಉಳಿದವರು ಊಟಕ್ಕೆ ಕೆಳಗಿಳಿದರು. ಆಗ ಮನೆಯಷ್ಟು ದೊಡ್ಡ ಮಂಜಿನ ಹೋಳೊಂದು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಕಂಡ ಸ್ವಲ್ಪ ಹೊತ್ತಿನ ಮೇಲೆ ಗುಡುಗು ಕೇಳಿಸಿತು. ಅದನ್ನು ಪೂರ್ತಿ ನೋಡಿದವರಲ್ಲಿ ನಮ್ಮ ಷಡ್ಡಕರು ಒಬ್ಬರು. ನಾನು ಪಾಯಸದ ಸಾಲಿನಲ್ಲಿದ್ದೆ.

ವಿಕ್ಟೋರಿಯಾದಲ್ಲಿ ಷಡ್ಡಕರು ವೀಸಾ ಶುಲ್ಕದ ವಸೂಲಿಗೆಂದು ರಾತ್ರಿಯ ಚಳಿಯಲ್ಲಿ ಎಲ್ಲರನ್ನೂ ಹೊರಡಿಸಿದರು. ಅಲ್ಲಿನ ಶಾಸನಸಭೆಯ ಕಟ್ಟಡಕ್ಕೆ ಸಾವಿರಾರು ಬಲ್ಬುಗಳ ಅಲಂಕಾರ. ಷಡ್ಡಕರು ನೋಡಿ, "ಚೆನ್ನಾಗಿದೆ. ಆದರೆ ಮೈಸೂರು ಅರಮನೆಯಲ್ಲಿ ಲಕ್ಷದ ಹತ್ತಿರ ಬಲ್ಬಿದೆ, ವೀಸಾ ಕೇಳುವುದಿಲ್ಲ" ಎಂದು ಕಡತ ಮುಗಿಸಿದರು.

ಕ್ರೂಸಿಗೆ ಹೊರಡುವವರಿಗೆ ನನ್ನ ಮಾತು ಇಷ್ಟು. ವೀಸಾ ಕೈಗೆ ಬರದೆ ಟಿಕೆಟ್ ಮಾಡಿಸಬೇಡಿ. ಅಲಾಸ್ಕಾದ ಗಡಿಯಾರ ಸಿಯಾಟಲ್ಲಿಗಿಂತ ಒಂದು ಗಂಟೆ ಹಿಂದೆ. ಬಂದರಿನಲ್ಲಿ ಇಳಿದರೆ ಹಡಗಿನ ಗಡಿಯಾರವನ್ನೇ ನಂಬಿ, ಅದು ತಡವಾದವರಿಗಾಗಿ ಕಾಯುವುದಿಲ್ಲ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ಸಮುದ್ರದ ರೋಮಿಂಗ್ ಬಿಲ್ಲು ಮಗನ ಮನೆಯವರೆಗೂ ಹಿಂಬಾಲಿಸುತ್ತದೆ. ವಸೂಲಿ ಮಾಡಿ, ಧಾರಾಳವಾಗಿ ಮಾಡಿ. ಆದರೆ ಕಣ್ಣಿನಿಂದ ಮಾಡಿ. ಹೊಟ್ಟೆಗೆ ಮಿತಿಯಿದೆ, ಕಣ್ಣಿಗಿಲ್ಲ. ಮತ್ತೆ, ತಲೆಗೆ ದಿನಕ್ಕೆ ಇಷ್ಟು ಡಾಲರೆಂದು ಬಿಲ್ಲಿಗೆ ಸೇರುವ ಟಿಪ್ಸನ್ನು ತೆಗೆಸಿಹಾಕಲು ಕೆಲವರು ಕೊನೆಯ ದಿನ ಕೌಂಟರಿನ ಮುಂದೆ ಸಾಲು ನಿಲ್ಲುತ್ತಾರೆ. ಆ ಸಾಲಿಗೆ ನೀವು ಸೇರಬೇಡಿ. ನಮ್ಮ ಷಡ್ಡಕರೂ ಸೇರಲಿಲ್ಲ. ಅದು ಕುಂದಾಪುರದ ಮನೆಗೆ ಹೋಗುವ ದುಡ್ಡು; ಅದಕ್ಕೆ ಆಡಿಟ್ ಆಕ್ಷೇಪಣೆ ಇಲ್ಲ.