ಟ್ರಂಪೆಟ್ ರಾಯರ ಬ್ರಷ್ಷುಗಳು

ವಾದ್ಯವನ್ನು ನುಡಿಸುವವರು, ನುಡಿಸಿದ್ದನ್ನು ಕೇಳುವವರು ಎಂದು ಸಂಗೀತಪ್ರಪಂಚವನ್ನು ಎರಡಾಗಿ ಹಂಚಿ ಕೈತೊಳೆದುಕೊಂಡ ಪಂಡಿತರು, ವಾದ್ಯವನ್ನು ತೊಳೆಯುವವರೆಂಬ ಮೂರನೆಯದೊಂದು ವರ್ಗ ಊರೂರಿನಲ್ಲಿಯೂ ಸಮೃದ್ಧವಾಗಿ ಬೆಳೆದಿರುವುದನ್ನು ಗಮನಿಸದೆ ಹೋದುದು ಆಶ್ಚರ್ಯ. ಈ ವರ್ಗಕ್ಕೆ ಸೇರಲು ವಾದ್ಯವೇ ಬೇಕೆಂಬ ನಿರ್ಬಂಧವೂ ಇಲ್ಲ. ಕ್ಯಾಮೆರಾ ಕೊಂಡು, ಅದರ ಮಸೂರವನ್ನು ಒರೆಸತಕ್ಕ ಬಟ್ಟೆಯ ನೇಯ್ಗೆಯನ್ನು ಕುರಿತು ವರ್ಷಗಟ್ಟಲೆ ಚರ್ಚಿಸಿ, ಫೋಟೋ ಒಂದನ್ನೂ ತೆಗೆಯದ ಮಹನೀಯರು ಈ ಗೋತ್ರದವರೇ; ಫೌಂಟನ್ ಪೆನ್ನಿನ ನಿಬ್ಬನ್ನು ಬಿಸಿನೀರಿನಲ್ಲಿ ಮುಳುಗಿಸಿ ಧ್ಯಾನಿಸುತ್ತ, ಬೀಗರಿಗೆ ಎರಡು ಸಾಲು ಕಾಗದ ಬರೆಯಬೇಕಾದಾಗ ಮಗನ ಪೆನ್ಸಿಲನ್ನು ಎರವಲು ಪಡೆಯುವವರೂ ಇದೇ ಪ್ರವರದವರು. ಆದರೆ ಈ ವಂಶದ ಲಕ್ಷಣಗಳೆಲ್ಲ ಒಟ್ಟಾಗಿ ಮೈವೆತ್ತಿರುವುದನ್ನು ಕಾಣಬೇಕೆಂದರೆ ಮೈಸೂರಿನ ನಮ್ಮ ಬೀದಿಯ ಟ್ರಂಪೆಟ್ ರಾಯರನ್ನೇ ನೋಡಬೇಕು.

ರಾಯರು ಖಜಾನೆ ಇಲಾಖೆಯಲ್ಲಿ ಸಲ್ಲಿಸಬೇಕಾದ ಸೇವೆಯನ್ನು ಸಲ್ಲಿಸಿ ವಿಶ್ರಾಂತರಾದವರು. ಬಾಲ್ಯದಲ್ಲಿ ತಂದೆಯ ಹೆಗಲೇರಿ ದಸರಾ ಮೆರವಣಿಗೆಯನ್ನು ನೋಡುತ್ತಿದ್ದಾಗ, ನೆರೆದ ಜನರೆಲ್ಲ ಅಂಬಾರಿಯ ಕಡೆಗೆ ಕೈಮುಗಿಯುತ್ತಿರಲು, ಇವರ ದೃಷ್ಟಿ ಮಾತ್ರ ಬ್ಯಾಂಡಿನವನೊಬ್ಬನ ಕೈಯಲ್ಲಿ ಬಿಸಿಲಿಗೆ ಥಳಥಳಿಸುತ್ತಿದ್ದ ಟ್ರಂಪೆಟ್ಟಿನಲ್ಲಿ ನೆಟ್ಟುಹೋಯಿತಂತೆ. ಮೈಸೂರಿನ ಪೊಲೀಸರಲ್ಲಿ ಕರ್ನಾಟಕ ಸಂಗೀತದ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂದು ಎರಡುಂಟಷ್ಟೆ. ಅಂದು ನುಡಿಸಿದ್ದು ಯಾವುದು, ನುಡಿಸಿದ್ದು ಏನು ಎಂದು ಕೇಳಿದರೆ ರಾಯರಿಗೆ ಸ್ಮರಣೆಯಿಲ್ಲ, ಸ್ಮರಣೆಯಲ್ಲಿ ಉಳಿದಿರುವುದು ಥಳಥಳಿಕೆಯೊಂದೇ. ಮುಂದಿನ ಕಥೆಗೆಲ್ಲ ಬೀಜ ಇಲ್ಲಿಯೇ ಉಂಟು. ಪಿಂಚಣಿಯ ಗಂಟು ಕೈಗೆ ಬಂದೊಡನೆ, ದೇಶದ ಮದುವೆ ಬ್ಯಾಂಡುಗಳಿಗೆ ವಾದ್ಯಗಳನ್ನು ಒದಗಿಸುವ ಮೀರತ್ತಿನ ಜಲಿ ಕೋಠಿಯ ಕಸಬುದಾರರ ಕೈಯಲ್ಲಿ ತಯಾರಾದ ಟ್ರಂಪೆಟ್ಟೊಂದನ್ನು ತರಿಸಿಕೊಂಡರು. ಪೆಟ್ಟಿಗೆಯನ್ನು ತೆರೆದು, ಕಣ್ತುಂಬ ನೋಡಿ, ಹಾಡು ಕಲಿಯುವುದಕ್ಕೆ ಮೊದಲು ಅದರ ಒಳಗನ್ನು ಶುದ್ಧಿಗೊಳಿಸಬೇಕೆಂದು ನಿಶ್ಚಯಿಸಿದರು. ಆ ‘ಮೊದಲು’ ಇನ್ನೂ ಮುಗಿದಿಲ್ಲ.

ರಾಯರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ಹೇಳಲಾರೆ. ನೋಡುವುದಕ್ಕೆ ಮೊಳದುದ್ದವಾಗಿ ತೋರುವ ಈ ವಾದ್ಯದ ಕೊಳವೆಯನ್ನು ಸುರುಳಿ ಬಿಚ್ಚಿ ನೀಳವಾಗಿ ಹಿಡಿದರೆ ಹೆಚ್ಚುಕಡಮೆ 4 ಅಡಿ 10 ಅಂಗುಲವಾಗುತ್ತದೆ. ಅದರೊಳಗಿನ ದಾರಿಯಾದರೋ ಬಹುಪಾಲು ಅರ್ಧ ಅಂಗುಲಕ್ಕೂ ಕಡಮೆ. ಊದುವವನ ಉಸಿರಿನ ತೇವ, ಬಾಯಿಯ ಜೊಲ್ಲು, ಆಗತಾನೇ ತಿಂದ ತಿಂಡಿಯ ಶೇಷ, ವಾಲ್ವಿಗೆ ಬಿಟ್ಟ ಎಣ್ಣೆ ಇವೆಲ್ಲವೂ ಆ ಇಕ್ಕಟ್ಟಿನಲ್ಲಿ ಪದರಗಟ್ಟಿ, ನಾದವನ್ನು ಮಂಕುಮಾಡುವುದಲ್ಲದೆ ಕ್ರಮೇಣ ಹಿತ್ತಾಳೆಯನ್ನೇ ತಿನ್ನತೊಡಗುತ್ತವೆ. ಅದರಲ್ಲಿಯ ಸತು ಕಳಚಿಹೋಗಿ ತಾಮ್ರದ ಕೆಂಪು ಚುಕ್ಕೆಗಳು ಮೇಲೇಳುತ್ತವೆ. ಇದಕ್ಕೆ ಬಲ್ಲವರು ವಿಧಿಸಿರುವ ಬ್ರಷ್ಷುಗಳು ಮೂರೇ: ಮೌತ್‌ಪೀಸಿನ ರಂಧ್ರಕ್ಕೆ ಮೊನಚಾದ ಪುಟ್ಟದೊಂದು, ವಾಲ್ವುಗಳು ಕೂರುವ ಗೂಡುಗಳಿಗೆ ದಪ್ಪನೆಯದೊಂದು, ಬಾಗಿದ ಕೊಳವೆಗಳಿಗೆ ಪ್ಲಾಸ್ಟಿಕ್ ಹೊದಿಸಿದ ಸುರುಳಿತಂತಿಯ ಎರಡು ತುದಿಗೂ ಕುಚ್ಚಿರುವ, ಬಳುಕುವ ‘ಸ್ನೇಕ್’ ಒಂದು. ಸಾಮಾನ್ಯನಾದವನು ಈ ಮೂರನ್ನೂ ಕಾಲುಗಂಟೆಯಲ್ಲಿ ಕೊಂಡು ಮಿಕ್ಕ ಆಯುಷ್ಯವನ್ನು ಊದುವುದರಲ್ಲಿ ಕಳೆಯುತ್ತಿದ್ದನು. ಹಿತ್ತಾಳೆಯ ವಾದ್ಯಗಳಿಗೆ ವಾಲ್ವು ಜೋಡಿಸುವ ಉಪಾಯಕ್ಕೆ 1818ರಲ್ಲಿ ಪೇಟೆಂಟು ಪಡೆದ ಪ್ರಷ್ಯದ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರಿಂದ ಕಹಳೆಗೆ ಎಲ್ಲ ಸ್ವರಗಳೂ ಲಭಿಸಿದವೆಂದು ಲೋಕ ಹೊಗಳಿದರೆ, ರಾಯರು ಅವರಿಲ್ಲದಿದ್ದಲ್ಲಿ ದಪ್ಪ ಬ್ರಷ್ಷಿಗೆ ಅವಕಾಶವೇ ಇರುತ್ತಿರಲಿಲ್ಲವೆಂದು ಗದ್ಗದಿತರಾಗುತ್ತಾರೆ; ಮಹಾಲಯದ ದಿನ ಅವರಿಬ್ಬರ ಹೆಸರಿನಲ್ಲಿಯೂ ಎಳ್ಳುನೀರು ಬಿಡುತ್ತಾರೆಂಬ ವದಂತಿ ಬಹುಶಃ ಉತ್ಪ್ರೇಕ್ಷೆ.

ರಾಯರೊಡನೆ ಸಂತೇಪೇಟೆಗೆ ಬ್ರಷ್ಷು ಕೊಳ್ಳಲು ಹೋಗುವ ಭಾಗ್ಯ ನನಗೂ ಒದಗಿದೆ. ಅಂಗಡಿಯವನು ಮಕ್ಕಳ ಹಾಲಿನ ಬಾಟಲಿ ತೊಳೆಯುವ ಬ್ರಷ್ಷುಗಳ ಕಂತೆಯನ್ನು ಮುಂದಿಟ್ಟ. ಬೋಳುತಂತಿ ಹಿತ್ತಾಳೆಯ ಒಳಮೈಯನ್ನು ಗೀರುತ್ತದೆಂಬ ನ್ಯಾಯವಾದ ಭಯದಿಂದ ರಾಯರು ಒಂದೊಂದನ್ನೂ ಬೆಳಕಿಗೆ ಹಿಡಿದು, ಬಗ್ಗಿಸಿ, ತುದಿಯನ್ನು ಹೆಬ್ಬೆರಳಿನ ಉಗುರಿನಿಂದ ತಡವಿ ಪರೀಕ್ಷಿಸುತ್ತಿರಲು, ಅವನಿಗೆ ಮರುಕ ಹುಟ್ಟಿತು.

“ಮಗೂಗೆ ಎಷ್ಟು ತಿಂಗಳು ಸ್ವಾಮಿ?”

“ಮಗುವಲ್ಲಪ್ಪ, ಟ್ರಂಪೆಟ್ಟು.”

“ಹೆಸರು ಮುದ್ದಾಗಿದೆ ಸ್ವಾಮಿ. ಇದನ್ನೇ ತಗೊಂಡು ಹೋಗಿ, ನೈಲಾನು.”

ನೈಲಾನೆಂದ ಮೇಲೆ ಪ್ರಶ್ನೆ ಜಟಿಲವಾಯಿತು. ಬಾಳಿಕೆಗೆ ನೈಲಾನು ಮೇಲು, ಮಾರ್ದವಕ್ಕೆ ಪ್ರಾಣಿಯ ಕೂದಲು ಮೇಲು ಎಂಬುದು ರಾಯರ ಸಿದ್ಧಾಂತ. ಆದರೆ ಆ ಕೂದಲು ಹಂದಿಯದೆಂದು ತಿಳಿದ ಮೇಲೆ, ಮಡಿವಂತರ ಮನೆತನದ ತುಟಿಗಳು ಸೋಂಕುವ ಮೌತ್‌ಪೀಸಿನೊಳಗೆ ಅದಕ್ಕೆ ಪ್ರವೇಶ ದೊರೆಯುವುದಾದರೂ ಹೇಗೆ? ವರಾಹವೂ ದಶಾವತಾರದಲ್ಲಿ ಸೇರಿದ್ದೇ ಎಂಬ ಸಮಾಧಾನವನ್ನು ರಾಯರೇ ಮಂಡಿಸಿ, ರಾಯರೇ ಖಂಡಿಸಿ, ಕೊನೆಗೆ ಎರಡು ಬಗೆಯನ್ನೂ ಕೊಂಡರು. ಎದುರುಮನೆಯ ನಿವೃತ್ತ ಸುಬೇದಾರರು ಬಂದೂಕಿನ ನಳಿಗೆಯೊಳಗೆ ಚಿಂದಿ ಎಳೆಯುವ ಪುಲ್‌ಥ್ರೂ ದಾರವನ್ನು ಪ್ರೀತಿಯಿಂದ ಕೊಡಬಂದರೆ, ಹಿಂಸೆಯ ಸಹವಾಸ ಮಾಡಿದ್ದು ನಾದಕ್ಕೆ ಸಲ್ಲದೆಂದು ಹಿಂದಿರುಗಿಸಿದರು. ಕಾಲೇಜಿನ ಪ್ರಯೋಗಶಾಲೆಯಿಂದ ಬಂದ ಟೆಸ್ಟ್‌ಟ್ಯೂಬ್ ಬ್ರಷ್ಷನ್ನು ಸ್ವೀಕರಿಸಿದರೂ ಬಳಸಲಿಲ್ಲ. ಪೂರ್ವಾಶ್ರಮದಲ್ಲಿ ಅದಕ್ಕೆ ಯಾವ ಆಮ್ಲದ ಸಂಪರ್ಕವಿತ್ತೋ ಎಂಬ ಶಂಕೆ.

ಅಭಿಷೇಕ ಪ್ರತಿ ಭಾನುವಾರ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ನೀರು ಕಾದರೆ ಮೇಲಿನ ಲ್ಯಾಕರು ಏಳುತ್ತದೆಂದು ಮೊಣಕೈ ಅದ್ದಿ ನೋಡುವುದೂ ಉಂಟು. ವಾಲ್ವುಗಳು ಒಂದು, ಎರಡು, ಮೂರೆಂದು ಬಿಳಿಯ ಪಂಚೆಯ ಮೇಲೆ ಕ್ರಮವಾಗಿ ಪವಡಿಸುತ್ತವೆ, ಏಕೆಂದರೆ ಒಂದರ ಮನೆಯನ್ನು ಇನ್ನೊಂದು ಹೊಕ್ಕರೆ ರಂಧ್ರಗಳು ಕೂಡದೆ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಅವುಗಳ ತಲೆಯ ಫೆಲ್ಟು ನೆನೆಯಬಾರದು. ಅಷ್ಟು ಹೊತ್ತೂ ಮನೆಯಲ್ಲಿ ಯಾರೂ ಧಡಧಡನೆ ನಡೆಯಬಾರದು. ಆರಂಭದ ದಿನಗಳಲ್ಲಿ ಮನೆಯಾಕೆ, “ಏನೂಂದ್ರೆ, ಹಿತ್ತಾಳೆ ತಾನೆ? ಒಂದಿಷ್ಟು ಹುಣಿಸೆಹಣ್ಣು ಹಾಕಿ ತಿಕ್ಕಿದರಾಯಿತು” ಎಂದಿದ್ದರಂತೆ. ಹುಳಿ ತಾಗಿದರೆ ಲ್ಯಾಕರಿನ ಗತಿಯೇನೆಂದು ರಾಯರು ಅಂದು ಸಾರನ್ನೂ ಮುಟ್ಟಲಿಲ್ಲ.

ಕೊಳೆ ಹುಟ್ಟುವುದು ಉಸಿರಿನಿಂದ. ತೊಳೆದಾದ ಮೇಲೆ ಪರೀಕ್ಷಾರ್ಥವಾಗಿ ಒಂದು ಸಲ ಊದುವುದನ್ನು ಬಿಟ್ಟರೆ (ಅದಕ್ಕೆ ಪಕ್ಕದ ಮನೆಯ ಕರು ಓಗೊಡುತ್ತದೆ) ಆ ವಾದ್ಯಕ್ಕೆ ಉಸಿರಿನ ಸೋಂಕೇ ಇಲ್ಲ. ಹಾಗಾದರೆ ತೊಳೆಯುವುದೇನನ್ನು ಎಂದು ಕೇಳಿದೆ. “ಊದಿದರೆ ಕೊಳೆ ಕಟ್ಟುತ್ತದೆ, ಊದದೆ ಇಟ್ಟರೆ ಎಣ್ಣೆ ಒಣಗಿ ವಾಲ್ವು ಹಿಡಿದುಕೊಳ್ಳುತ್ತದೆ. ಎರಡಕ್ಕೂ ತೊಳೆಯುವುದೇ ಮದ್ದು ಸ್ವಾಮಿ” ಎಂದರು. ಶಾಸ್ತ್ರತಃ ಇದು ಸರಿಯಾದ ಮಾತೇ ಆದುದರಿಂದ ಸುಮ್ಮನಾದೆ.

ಒಮ್ಮೆ ಬೀದಿಯಲ್ಲಿ ಮದುವೆಯ ದಿಬ್ಬಣ ನಿಂತಿತ್ತು. ರಾಯರು ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ಟಿನವನನ್ನು ಒಳಗೆ ಕರೆದು, ನೀರುಮಜ್ಜಿಗೆ ಕೊಟ್ಟು, ಅವನ ಬ್ರಷ್ಷು ಯಾವ ಜಾತಿಯದೆಂದು ವಿಚಾರಿಸಿದರು. “ಬ್ರಷ್ಷಾ? ಹಳೇ ಪಂಚೆ ಹರಿದು ದಾರಕ್ಕೆ ಕಟ್ಟಿ, ಈ ಕಡೆ ಬಿಟ್ಟು ಆ ಕಡೆ ಎಳೀತೀನಿ ಸಾರ್. ಅದೂ ಸೀಜನ್ ಮುಗಿದ ಮೇಲೆ” ಎಂದು ಅವನು, ಗಾಜಿನ ಬೀರುವಿನಲ್ಲಿ ಸಾಲುಗಟ್ಟಿದ್ದ ಬ್ರಷ್ಷುಗಳನ್ನು ಕಂಡು, “ಅಂಗಡಿ ಇಟ್ಟಿದ್ದೀರಾ ಸಾರ್?” ಎಂದು ವಿನಯದಿಂದಲೇ ಕೇಳಿ, ರಾಯರ ಟ್ರಂಪೆಟ್ಟನ್ನೆತ್ತಿ ಸಿನಿಮಾ ಹಾಡೊಂದನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಊದಿಬಿಟ್ಟ. ನಮಗೆಲ್ಲ ರೋಮಾಂಚನವಾಯಿತು, ರಾಯರ ಕಣ್ಣಂಚೂ ಒದ್ದೆಯಾಯಿತು. ಅದು ಸಂಗೀತದಿಂದ ಆದುದಲ್ಲವೆಂದು ತಿಳಿದದ್ದು ಅವನು ಹೊರಟುಹೋದ ಮೇಲೆ. ನೀರು ಬಸಿಯುವ ಕೀಲಿಯನ್ನು ಒತ್ತಿ, ನೆಲಕ್ಕೆ ಬಿದ್ದ ಹನಿಗಳನ್ನು ತೋರಿಸಿ, “ನೋಡಿದಿರಾ ಸ್ವಾಮಿ, ನಿಜವಾದ ಕೊಳೆ!” ಎನ್ನುತ್ತ ಟಬ್ಬಿಗೆ ನೀರು ತರಲು ಓಡಿದರು.

ಇತ್ತ ಮನೆಯಾಕೆಯಾದರೋ ಆ ಬೀರುವಿನ ಸಂಪತ್ತಿಗೆ ಗುಪ್ತವಾಗಿ ಸದುಪಯೋಗವನ್ನು ಕಲ್ಪಿಸತೊಡಗಿದ್ದರು. ವಾಲ್ವಿನ ಬ್ರಷ್ಷು ಫ್ಲಾಸ್ಕಿಗೆ, ಮೌತ್‌ಪೀಸಿನದು ಕಾಫಿ ಫಿಲ್ಟರಿಗೆ ನಿಯುಕ್ತವಾದವು. ಆ ಮನೆಯ ಕಾಫಿ ಉತ್ತಮಗೊಂಡಿತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಒಂದು ಸಂಜೆ ಬಚ್ಚಲ ತೂಬು ಕಟ್ಟಿಕೊಳ್ಳಲು ಆಕೆ ಹಿಂದುಮುಂದು ನೋಡದೆ ಸ್ನೇಕನ್ನೇ ಇಳಿಬಿಟ್ಟರು. ನೀರು ಸರಾಗವಾಗಿ ಹರಿಯಿತು, ಅದೇ ಕ್ಷಣಕ್ಕೆ ರಾಯರು ಬಚ್ಚಲ ಬಾಗಿಲಿಗೆ ಬಂದರು. ಪ್ರಳಯವನ್ನು ನಿರೀಕ್ಷಿಸಿ ನಾನು ಎದ್ದು ಹೊರಡಲು ಅನುವಾದೆ. ರಾಯರು ಹಾವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ನೀಳವಾಗಿ ಉಸಿರುಬಿಟ್ಟು, ಯಾವ ಮಾತೂ ಆಡದೆ ಮೂಲೆಗೆ ಒರಗಿಸಿ, ಕೈತೊಳೆದುಕೊಂಡು ಬಂದವರೇ ಗೂಟದಿಂದ ಕೈಚೀಲವನ್ನು ತೆಗೆದುಕೊಂಡರು. ಮುಖದಲ್ಲಿ ಮದುವಣಿಗನ ಕಳೆಯಿತ್ತು.

“ಇನ್ನು ಹೊಸದು ಕೊಳ್ಳದೆ ವಿಧಿಯಿಲ್ಲವಲ್ಲ! ಬನ್ನಿ ಸ್ವಾಮಿ, ಹೋಗಿಬರೋಣ, ಎರಡೇ ಅಂಗಡಿ.”