ಹಾರುವ ಮೊದಲು ನಿಲ್ಲುವುದನ್ನು ತೋರಿಸಿಕೊಡಿ

ಪ್ರಿಯ ಗುರ್‌ಪ್ರೀತ್ ಸಿಂಗ್ ಸಂಧು ಅವರೇ,

ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯ ಒಂದು ಮೈದಾನದಲ್ಲಿ ವಾರಕ್ಕೆರಡು ದಿನ ಮಕ್ಕಳಿಗೆ ಗೋಲು ಕಾಯುವುದನ್ನು ಹೇಳಿಕೊಡುತ್ತೇನೆ. ಹುಲ್ಲಿಲ್ಲದ ನೆಲ. ಗೋಲಿನ ಬಾಯಲ್ಲಿ ಮಳೆ ಬಂದರೆ ಕೆಸರು, ಬಿಸಿಲಿದ್ದರೆ ಜಲ್ಲಿ. ಭಾರತದ ಗೋಲು ಕಾದ ನಿಮ್ಮಿಂದ ನನಗೊಂದು ಸಹಾಯ ಬೇಕು. ಅದನ್ನು ಎಲ್ಲರೆದುರು ಕೇಳುತ್ತಿದ್ದೇನೆ, ಯಾಕೆಂದರೆ ಇದು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುವವರಿಗೂ ಸೇರಿದ ಮಾತು.

2023ರ ಜುಲೈ 4ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಫೈನಲ್. ಕುವೈತ್ ಎದುರು 1-1. ಪೆನಾಲ್ಟಿಯಲ್ಲಿ ಐದೈದು ಒದೆತ ಮುಗಿದರೂ 4-4. ಮಹೇಶ್ ನೌರೆಮ್ ಆರನೆಯದನ್ನು ಗೋಲಿಗೆ ಹೊಡೆದರು, ಕುವೈತಿನ ಆರನೆಯದನ್ನು ನೀವು ಹಾರಿ ತಡೆದಿರಿ, ಕಪ್ ನಮ್ಮದಾಯಿತು. ಮಾರನೇ ದಿನದಿಂದ ನನ್ನ ಮೈದಾನದಲ್ಲಿ ಹುಡುಗರೆಲ್ಲ ಹಾರತೊಡಗಿದರು. ಚೆಂಡಿಗೆ ಕಾಲು ತಾಗುವ ಮೊದಲೇ ಹಾರುತ್ತಿದ್ದರು. ಹನ್ನೆರಡು ವರ್ಷದ ಒಬ್ಬ, ಅಣ್ಣನ ದೊಡ್ಡ ಗ್ಲೌಸಿಗೆ ಮಣಿಕಟ್ಟಿನಲ್ಲಿ ಟೇಪು ಸುತ್ತಿಕೊಂಡವನು, ಎಡಕ್ಕೆ ಹಾರಿ ಮೊಣಕೈ ತರಚಿಕೊಂಡು ಬಿದ್ದ. ಚೆಂಡು ಅವನು ನಿಂತಿದ್ದ ಜಾಗದಲ್ಲೇ ನಿಧಾನವಾಗಿ ಉರುಳಿ ಒಳಗೆ ಹೋಯಿತು. ಸುತ್ತಲಿದ್ದವರು ಆ ಹಾರಾಟಕ್ಕೆ ಶಿಳ್ಳೆ ಹಾಕಿದರು. ಅವನೂ ಖುಷಿಯಾಗಿ ಎದ್ದ. ನನಗೆ ಸಂಕಟವಾಯಿತು.

ಹಾರಾಟ ಕಣ್ಣಿಗೆ ಕಾಣುತ್ತದೆ, ಫೋಟೋಗೂ ಸಿಗುತ್ತದೆ. ಅದಕ್ಕಿಂತ ಮುಂಚೆ ಇಟ್ಟ ಎರಡು ಹೆಜ್ಜೆ ಯಾರಿಗೂ ಕಾಣುವುದಿಲ್ಲ. ಆ ಎರಡು ಹೆಜ್ಜೆ ಸರಿಯಾಗಿ ಇಟ್ಟವನಿಗೆ ಚೆಂಡು ಎದೆಗೇ ಬಂದು ಬೀಳುತ್ತದೆ, ಮತ್ತು ನೋಡಿದವರು ಹೊಡೆದವನನ್ನು ಬೈಯುತ್ತಾರೆ, ‘ನೇರ ಕೀಪರ್ ಕೈಗೇ ಕೊಟ್ಟನಲ್ಲ’ ಅಂತ. ಕೀಪರ್ ಅಲ್ಲಿ ಬಂದು ನಿಂತದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಕ್ಕಳಿಗೆ ಇದನ್ನು ತೋರಿಸಲು ನಾನು ಬಟ್ಟೆ ಒಣಹಾಕುವ ಎರಡು ನೈಲಾನ್ ಹಗ್ಗ ತರುತ್ತೇನೆ. ಎರಡೂ ಕಂಬಕ್ಕೆ ಒಂದೊಂದು ತುದಿ ಕಟ್ಟಿ, ಇನ್ನೆರಡು ತುದಿಗಳನ್ನು ಚೆಂಡಿನ ಹತ್ತಿರ ಸೇರಿಸಿ ಗೂಟ ಹೊಡೆಯುತ್ತೇನೆ. ಗೆರೆಯ ಮೇಲೆ ನಿಂತ ಹುಡುಗನಿಗೆ ಎರಡೂ ಬದಿಯ ಹಗ್ಗ ಬಹಳ ದೂರ, 7.32 ಮೀಟರ್ ಅಗಲವನ್ನು ಯಾರು ತಾನೇ ತುಂಬಿಯಾರು? ‘ಬಾ, ಮುಂದೆ ಬಾ’ ಅನ್ನುತ್ತೇನೆ. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಹಗ್ಗಗಳು ಅವನ ಬೆರಳ ತುದಿಗೇ ಬಂದಿರುತ್ತವೆ. ಕೈ ಚಾಚಿ ಎರಡನ್ನೂ ಮುಟ್ಟಿದಾಗ ಅವನ ಮುಖ ನೋಡಬೇಕು ನೀವು! ತೀರಾ ಮುಂದೆ ಬಂದರೆ ತಲೆಯ ಮೇಲಿಂದ ಎತ್ತಿ ಹಾಕುತ್ತಾರೆ, ಅದೂ ಗೊತ್ತಿರಬೇಕು. ಇಷ್ಟರ ಮೇಲೆ ಇನ್ನೊಂದಿದೆ: ಎದುರಿನವನು ಒದೆಯುವ ಕ್ಷಣಕ್ಕೆ ಓಟ ನಿಂತಿರಬೇಕು. ಎರಡೂ ಪಾದ ನೆಲದಲ್ಲಿ, ಭಾರ ಮುಂಗಾಲಿನ ಮೇಲೆ, ಮೊಣಕಾಲು ಸಡಿಲ, ಕೈ ಮೈಯಿಂದ ಮುಂದೆ. ಒಂದು ಕಾಲು ಗಾಳಿಯಲ್ಲಿದ್ದಾಗ ಚೆಂಡು ಬಂದರೆ ಎಂಥ ಚುರುಕಿನವನೂ ಕಂಬವೇ.

ಎತ್ತರ ಬೇಡವೆಂದು ಹೇಳುತ್ತಿಲ್ಲ. ಆರಡಿ ನಾಲ್ಕಿಂಚು ದಾಟಿದ ನಿಮ್ಮಂಥವರ ಕೈಗೆ ಮೂಲೆ ಹತ್ತಿರ. ಆದರೆ ನನ್ನ ಹುಡುಗರು ನಿಮ್ಮ ಎತ್ತರವನ್ನಷ್ಟೇ ನೋಡಿ ತಮ್ಮಿಂದಾಗದು ಅಂದುಕೊಳ್ಳುತ್ತಾರೆ. ಅದಕ್ಕೇ 2019ರ ಸೆಪ್ಟೆಂಬರ್ 10ರ ದೋಹಾ ಪಂದ್ಯವನ್ನು ಮೊಬೈಲಿನಲ್ಲಿ ತೋರಿಸುತ್ತೇನೆ. ಏಷ್ಯಾ ಚಾಂಪಿಯನ್ ಕತಾರ್ ಹೊತ್ತೆಲ್ಲ ಹೊಡೆಯುತ್ತಲೇ ಇದ್ದ ದಿನ, ಸುನಿಲ್ ಛೆಟ್ರಿ ಇಲ್ಲದೆ ನೀವೇ ನಾಯಕ, ಕೊನೆಗೆ 0-0. ‘ಕೈ ನೋಡಬೇಡಿ, ಕಾಲು ನೋಡಿ’ ಅನ್ನುತ್ತೇನೆ. ತಡೆದ ಚೆಂಡನ್ನು ಎದುರಿಗೆ ಬಿಡದೆ ಬದಿಗೆ ತಳ್ಳಿದ್ದನ್ನು ನೋಡಿ ಅನ್ನುತ್ತೇನೆ.

ಇನ್ನು ಪೆನಾಲ್ಟಿ. ಹನ್ನೊಂದು ಮೀಟರ್ ದೂರದಿಂದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದ ಚೆಂಡಿಗೆ ಗೆರೆ ಮುಟ್ಟಲು 0.4 ಸೆಕೆಂಡ್ ಸಾಕು. ನೋಡಿಕೊಂಡು ಹೊರಟರೆ ಮೂಲೆಯ ಚೆಂಡು ಸಿಗುವುದಿಲ್ಲ. ಮೊದಲೇ ಹೊರಟರೆ ಹೊಡೆಯುವವನು ನೋಡಿಕೊಂಡು ಇನ್ನೊಂದು ಕಡೆಗೆ ಹಾಕುತ್ತಾನೆ. 2007ರಲ್ಲಿ ಪ್ರಕಟವಾದ ಇಸ್ರೇಲಿ ಸಂಶೋಧಕರ ಅಧ್ಯಯನವೊಂದು 286 ಪೆನಾಲ್ಟಿಗಳನ್ನು ನೋಡಿತು. ಹೊಡೆತಗಳಲ್ಲಿ ಶೇ. 28.7ರಷ್ಟು ನಡುವಿಗೇ ಬಂದಿದ್ದವು, ಕೀಪರ್‌ಗಳು ನಡುವೆ ನಿಂತದ್ದು ಶೇ. 6.3ರಷ್ಟು ಸಲ ಮಾತ್ರ. ನನಗೆ ಇದಕ್ಕೆ ಕಾರಣ ನಾಚಿಕೆ ಅನಿಸುತ್ತದೆ. ಹಾರಿ ಗೋಲು ಬಿಟ್ಟವನಿಗೆ ‘ಪಾಪ, ಪ್ರಯತ್ನಪಟ್ಟ’ ಅನ್ನುತ್ತೇವೆ. ನಿಂತು ಬಿಟ್ಟವನಿಗೆ ‘ಗೊಂಬೆ ಥರ ನಿಂತಿದ್ದಾನೆ’ ಅನ್ನುತ್ತೇವೆ. ಆ ಮಾತಿಗೆ ಹೆದರಿ ದೊಡ್ಡವರೇ ಹಾರುವಾಗ ಹನ್ನೆರಡರ ಹುಡುಗ ಏನು ಮಾಡಿಯಾನು?

ಹೊಡೆಯುವವರ ಬಗ್ಗೆ ಓದಿಕೊಂಡು ಬರುವುದು ಒಳ್ಳೆಯದೇ. 2006ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಎದುರಿನ ಪೆನಾಲ್ಟಿಗಳಿಗೆ ಜರ್ಮನಿಯ ಕೀಪರ್ ಯೆನ್ಸ್ ಲೇಮನ್ ಯಾರು ಯಾವ ಕಡೆ ಹೊಡೆಯುತ್ತಾರೆಂದು ಬರೆದ ಚೀಟಿಯೊಂದನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದರು. ಕೊನೆಗೆ ಹೊಡೆಯಲು ಬಂದ ಕಂಬಿಯಾಸೊ ಹೆಸರು ಅದರಲ್ಲಿರಲಿಲ್ಲ. ಆದರೂ ಲೇಮನ್ ಚೀಟಿ ತೆಗೆದು ನೋಡಿದರು, ಮಡಚಿ ಇಟ್ಟರು, ಚೆಂಡು ತಡೆದರು. ಚೀಟಿ ಕೊಟ್ಟದ್ದು ಉತ್ತರವನ್ನಲ್ಲ, ಸ್ವಲ್ಪ ನಿಧಾನವನ್ನು.

ನಿಮಗೂ ಎರಡೂ ಥರದ ರಾತ್ರಿ ಗೊತ್ತು. 2023ರ ಮಾರ್ಚ್ 12ರಂದು ಕಂಠೀರವದಲ್ಲಿ ಮುಂಬೈ ಸಿಟಿ ಎದುರಿನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಅವರ ಒಂಬತ್ತನೇ ಒದೆತ ತಡೆದಿರಿ, ನಿಮ್ಮ ಬೆಂಗಳೂರು ತಂಡ 9-8ರಲ್ಲಿ ಗೆದ್ದಿತು. ಆರೇ ದಿನಕ್ಕೆ ಗೋವಾದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಹೊಡೆದ ನಾಲ್ಕೂ ಒಳಗೆ ಹೋದವು. ಆರು ದಿನದಲ್ಲಿ ನೀವು ಕಲಿತದ್ದನ್ನು ಮರೆತಿರಲಿಲ್ಲ. ಆ ದಿನ ಹೊಡೆದವರು ಚೆನ್ನಾಗಿ ಹೊಡೆದರು. ಮಕ್ಕಳಿಗೆ ಈ ಮಾತನ್ನು ನಾನು ಹೇಳಿದರೆ ಸಮಾಧಾನದ ಮಾತಾಗುತ್ತದೆ, ನೀವು ಹೇಳಿದರೆ ನಂಬುತ್ತಾರೆ.

ಹಾಗಾಗಿ ನನ್ನ ಕೋರಿಕೆ: ಬೆಂಗಳೂರಿನಲ್ಲಿರುವಾಗ ಒಂದು ಬೆಳಗ್ಗೆ ಬನ್ನಿ. ಹಾರಬೇಡಿ. ಹಗ್ಗಗಳ ನಡುವೆ ನಿಂತು, ಎರಡು ಹೆಜ್ಜೆ ಮುಂದೆ ಬಂದು, ಚೆಂಡನ್ನು ಎದೆಗೆ ಅಪ್ಪಿಕೊಂಡು ತೋರಿಸಿ. ಪೆನಾಲ್ಟಿಗೆ ಒಂದು ಸಲ ನಡುವಿನಲ್ಲಿ ಸುಮ್ಮನೆ ನಿಂತುಬಿಡಿ, ಗೋಲಾದರೂ ಪರವಾಗಿಲ್ಲ. ಆ ಹುಡುಗ ಗೋಲಿನ ಹಿಂದೆಯೇ ಕೂತು ನೋಡುತ್ತಾನೆ. ಅವನ ಮೊಣಕೈ ವಾಸಿಯಾಗಿದೆ, ಗ್ಲೌಸ್ ಮಾತ್ರ ಇನ್ನೂ ದೊಡ್ಡದೇ. ಆರೂವರೆಗೆ ಶುರು ಮಾಡುತ್ತೇವೆ; ಹಗ್ಗ ನಾನು ತರುತ್ತೇನೆ.

ಇಂತಿ,
ಗೋಲು ಕಾಯುವ ಮಕ್ಕಳ ಕೋಚ್