ನಿರ್ಭಯ ನಿವಾಸ

ರಾಯರು: ನಿವೃತ್ತಿಯ ನಂತರ ನಿಶ್ಚಿಂತೆಯಿಂದ ಕಾಲಕ್ಷೇಪ ಮಾಡಬೇಕೆಂದು ಬೆಂಗಳೂರಿಗೆ ಬಂದಿರುವ ನಮಗೆ, ಗಾಳಿ ಬೆಳಕುಗಳು ಕೊಂಚ ಕಡಿಮೆಯಾದರೂ ಚಿಂತೆಯಿಲ್ಲ, ಚೋರಭಯವೊಂದಿಲ್ಲದ ಬಡಾವಣೆ ಬೇಕಯ್ಯ.

ದಲ್ಲಾಳಿ: ಹಾಗಾದರೆ ಬಸವನಗುಡಿಯೇ ಸರಿ, ಸ್ವಾಮಿ. 1898ರ ಪ್ಲೇಗಿಗೆ ಅಂಜಿ ಪೇಟೆಯನ್ನು ತೊರೆದ ಜನ ಜೀವವನ್ನುಳಿಸಿಕೊಂಡದ್ದು ಇಂಥ ಬಡಾವಣೆಗಳಲ್ಲಿಯೇ ಅಲ್ಲವೇ?

ರಾಯರು: ಅಂದಿನದು ಇಲಿಯ ಭಯ, ಇಂದಿನದು ಮನುಷ್ಯನ ಭಯ. ಕಿಟಕಿಗೆಲ್ಲ ಕಬ್ಬಿಣದ ಸರಳು, ಗೋಡೆಯ ಮೇಲೆ ಗಾಜಿನ ಚೂರು, ಗೇಟಿನಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ, ಇಷ್ಟೊಂದು ರಕ್ಷಣೆಯನ್ನು ಕಂಡ ಮೇಲೆ ಇಲ್ಲಿ ಕಳ್ಳರೇ ಇಲ್ಲವೆಂದು ನಂಬುವುದೋ, ಕಳ್ಳರೇ ತುಂಬಿರುವರೆಂದು ನಂಬುವುದೋ?

ದಲ್ಲಾಳಿ: ಅವೆಲ್ಲ ಅಲಂಕಾರ, ಸ್ವಾಮಿ. ನಿಜವಾದ ಕಾವಲೆಂದರೆ ಎದುರುಮನೆಯ ಅಜ್ಜಿ. ತಮ್ಮಲ್ಲಿಗೆ ಯಾರು ಬಂದರು, ಎಷ್ಟು ಹೊತ್ತಿದ್ದರು, ಹೋಗುವಾಗ ಏನನ್ನು ಕೊಂಡೊಯ್ದರೆಂಬುದೆಲ್ಲ ತಮಗಿಂತ ಮೊದಲೇ ಆಕೆಗೆ ವಿದಿತವಾಗಿರುತ್ತದೆ.

ರಾಯರು: ಎಂದರೆ, ಕಳ್ಳನಿಂದ ಪಾರಾಗಿ ಅಜ್ಜಿಯ ಕೈಗೆ ಸಿಕ್ಕಿಬೀಳಬೇಕೆಂದಾಯಿತು! ಆದರೂ ಇರುಳಿನಲ್ಲಿ ಕಳ್ಳನು ಬಂದೇಬಿಟ್ಟರೆ?

ದಲ್ಲಾಳಿ: ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿಯೂ, ಒಂದು ತಿಂಗಳಿನದನ್ನು ಈ ಬಡವನ ದಕ್ಷಿಣೆಯಾಗಿಯೂ ತೆತ್ತ ಮೇಲೆ, ಪಾಪ, ಆತನಿಗೆ ಕದಿಯಲು ತಮ್ಮಲ್ಲಿ ಉಳಿದಿರುವುದಾದರೂ ಏನು?